ಒಂದೇ ಮಾವಿನೆಲೆ, ಮೂರು ಲಿಪಿ

ಕೈಯಲ್ಲಿ ಶುಭಾಶಯ ಪತ್ರ ಮಾಡುವ ಹವ್ಯಾಸ ಹತ್ತಿಸಿಕೊಂಡವರ ದುಡ್ಡೆಲ್ಲ ಹೋಗುವುದು ಅಚ್ಚುಗಳಿಗೆ. ಹೊರದೇಶದಿಂದ ಬರುವ ಪಾರದರ್ಶಕ ಅಚ್ಚು, ಅದನ್ನು ಅಂಟಿಸಿ ಒತ್ತಲು ಅಕ್ರಿಲಿಕ್ ತುಂಡು, ಬಣ್ಣಕ್ಕೊಂದು ಇಂಕ್ ಪ್ಯಾಡ್, ಇವೆಲ್ಲದರ ಮೇಲೆ ಸಾಗಣೆ ಮತ್ತು ಸುಂಕ. ಇಷ್ಟು ಕೊಟ್ಟು ತರಿಸಿದರೆ ಅದರಲ್ಲಿ ಇರುವುದೇನು? ಕತ್ತಿಗೆ ಮಫ್ಲರ್ ಸುತ್ತಿಕೊಂಡ ಹಿಮದ ಮನುಷ್ಯ, ಹಲ್ಲು ಕಿರಿದ ಕುಂಬಳಕಾಯಿ, ಕೇಕಿನ ಪಕ್ಕ ಕೂತ ಕರಡಿಮರಿ. ಚೆನ್ನೈನ ಮಾಧವರಂನಲ್ಲಿ ಮಾರ್ಗಶಿರದಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ನಾನು ಹಿಮದ ಮನುಷ್ಯನನ್ನು ಯಾರಿಗೆ ಕಳಿಸಲಿ?

ಡಿಜಿಟಲ್ ಸ್ಟ್ಯಾಂಪ್ ಹಿಡಿದದ್ದು ಈ ಖರ್ಚಿನಿಂದ ಪಾರಾಗಲು. ಅಂಚೆಚೀಟಿಗೂ ಇದಕ್ಕೂ ಸಂಬಂಧವಿಲ್ಲ. ಇದು ಬಣ್ಣ ತುಂಬದ, ಬರೀ ಕಪ್ಪು ಗೆರೆಯ ಚಿತ್ರ. ಕಂಪ್ಯೂಟರಿನಲ್ಲಿ ಫೈಲಾಗಿ ಇರುತ್ತದೆ. ಬೇಕಾದ ಅಳತೆಗೆ ಹಿಗ್ಗಿಸಬಹುದು, ಕುಗ್ಗಿಸಬಹುದು, ಎಡಬಲ ತಿರುಗಿಸಬಹುದು. ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಯಲ್ಲಿ ಬಣ್ಣ ಹಾಕಿದರೆ ಕಾರ್ಡ್ ಮುಕ್ಕಾಲು ಪಾಲು ಆದಂತೆ. ಒಂದು ಚಿತ್ರಕ್ಕೆ ಎರಡೋ ಮೂರೋ ಡಾಲರ್, ಬಿಟ್ಟಿ ಸಿಗುವವೂ ಇವೆ. ಕೊಳ್ಳುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಪಾವತಿ ತೆರೆದಿದೆಯಾ ನೋಡಿಕೊಳ್ಳಿ, ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಆದರೆ ಇಷ್ಟು ಅಗ್ಗವಾಗಿರುವುದೇ ಒಂದು ಗಂಡಾಂತರ. ರಬ್ಬರ್ ಅಚ್ಚಿಗೆ ಹತ್ತು ಸಲ ಯೋಚಿಸುವವರು ಫೈಲನ್ನು ಯೋಚಿಸದೆ ಕೊಂಡುಬಿಡುತ್ತಾರೆ. ನನ್ನ ಗೆಳತಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ನೂರಾರು ಚಿತ್ರಗಳಿವೆ, ಕಾಗದಕ್ಕೆ ಇಳಿದದ್ದು ಬೆರಳೆಣಿಕೆಯಷ್ಟು. ಕಾರ್ಡು ನಿಜಕ್ಕೂ ಅಗ್ಗವಾಗುವುದು ಒಂದೇ ಚಿತ್ರವನ್ನು ಹತ್ತು ಕಡೆ ದುಡಿಸಿಕೊಂಡಾಗ.

ನನ್ನಲ್ಲಿ ಹಾಗೆ ದುಡಿಯುವ ಚಿತ್ರ ಒಂದಿದೆ: ಮಾವಿನೆಲೆಯ ತೋರಣ, ಅದರ ತುದಿಗೆ ಹೂಬಿಟ್ಟ ಬೇವಿನ ಕಡ್ಡಿ. ನಮ್ಮ ಓಣಿಯಲ್ಲಿ ತಮಿಳರಷ್ಟೇ ತೆಲುಗರೂ ಇದ್ದಾರೆ. ಆಂಧ್ರದ ಕಡೆ ಹೋಗುವ ಬಸ್ಸುಗಳ ನಿಲ್ದಾಣ 2018ರಲ್ಲಿ ಮಾಧವರಂಗೆ ಬಂದದ್ದೂ ಆ ದಾರಿ ಇಲ್ಲಿಂದಲೇ ಹೊರಡುವುದರಿಂದ. ಯುಗಾದಿ ಕನ್ನಡದವರಿಗೂ ತೆಲುಗಿನವರಿಗೂ ಒಂದೇ ದಿನ. ತಮಿಳರ ಹೊಸ ವರ್ಷ ಏಪ್ರಿಲ್ 14ರ ಹೊತ್ತಿಗೆ. ಅವತ್ತು ಅವರ ಮಾವಿನಕಾಯಿ ಪಚ್ಚಡಿಗೂ ಬೇವಿನ ಹೂ ಬೀಳುತ್ತದೆ. ಅಂದರೆ ಚಿತ್ರ ಬದಲಾಗಬೇಕಿಲ್ಲ, ಕೆಳಗಿನ ಸಾಲು ಬದಲಾದರೆ ಸಾಕು. ಚಿತ್ರವನ್ನು ಒಂದು ಪದರದಲ್ಲಿ, ಬರಹವನ್ನು ಇನ್ನೊಂದು ಪದರದಲ್ಲಿ ಇಟ್ಟುಕೊಂಡು ಮೂರು ಲಿಪಿಯಲ್ಲಿ ತೆಗೆಯುತ್ತೇನೆ. ಬೇವಿನ ಕಡ್ಡಿ ಅಳಿಸಿದರೆ ಅದೇ ತೋರಣ ಗೃಹಪ್ರವೇಶಕ್ಕೂ ಆಗುತ್ತದೆ. ಕನ್ನಡದಲ್ಲಿ ‘ಯುಗಾದಿ ಹಬ್ಬದ ಶುಭಾಶಯಗಳು’ ಎಂದು ಕೊರೆದ ರಬ್ಬರ್ ಅಚ್ಚು ಚೆನ್ನೈನ ಯಾವ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಕ್ಷರದ ವಿಷಯಕ್ಕೆ ಬಂದೆ, ಅದನ್ನು ಮುಗಿಸಿಯೇ ಮುಂದೆ ಹೋಗುತ್ತೇನೆ. ಚೆನ್ನೈನ ಡಿಟಿಪಿ ಅಂಗಡಿಯಲ್ಲಿ ಕನ್ನಡ ಪ್ರಿಂಟ್ ತೆಗೆಸುವುದು ಧೈರ್ಯದ ಕೆಲಸ. ನಮ್ಮ ಏರಿಯಾದ ಅಂಗಡಿಯೊಂದರಲ್ಲಿ ‘ಸಂಕ್ರಾಂತಿ’ಯ ರ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಂತಿತ್ತು. ಅಂಗಡಿಯ ಹುಡುಗನಿಗೆ ಅದು ಕಾಣಲಿಲ್ಲ, ಕಾಣುವುದಾದರೂ ಹೇಗೆ? ತಮಿಳಿನಲ್ಲಿ ಕೆಳಗೆ ಇಳಿಯುವ ಒತ್ತಕ್ಷರವೇ ಇಲ್ಲ. “ಅಕ್ಕಾ, ನೀವು ಕೊಟ್ಟಿದ್ದೇ ಬಂದಿದೆ” ಅಂದ. ಹಳೆಯ ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಗಳಿಗೆ ಬೇರೆ ಆಯ್ಕೆ ಒತ್ತದಿದ್ದರೆ ಒತ್ತುಗಳು ಹೀಗೆ ಚೆಲ್ಲಾಪಿಲ್ಲಿಯಾಗುತ್ತವೆ. ಈಗ ನಾನು ಮನೆಯಲ್ಲೇ ಇಂಕ್‌ಸ್ಕೇಪ್‌ನಲ್ಲಿ ಬರೆದು, ಅಕ್ಷರವನ್ನು ಗೆರೆಯ ಆಕಾರಕ್ಕೆ ಪರಿವರ್ತಿಸಿ, ಪಿಡಿಎಫ್ ಮಾಡಿ ಕೊಡುತ್ತೇನೆ. ಆಮೇಲೆ ಅದು ಅಕ್ಷರವಲ್ಲ, ಚಿತ್ರ. ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ಇಂಕ್‌ಸ್ಕೇಪ್‌ಗೆ ದುಡ್ಡಿಲ್ಲ. ಬಾಲೂ ತಮ್ಮ, ಅಕಾಯ ಕನಡಕ, ಹುಬ್ಬಳ್ಳಿ, ತಿರೋ ಕನ್ನಡ ಎಂಬ ಫಾಂಟುಗಳೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮಾರುವ ಕಾರ್ಡಿಗೂ ಬಳಸಬಹುದು. ಮಕ್ಕಳ ಹುಟ್ಟುಹಬ್ಬಕ್ಕೆ ಬಾಲೂ ತಮ್ಮನ ದುಂಡು ಅಕ್ಷರ ಚೆನ್ನ, ಹಿರಿಯರಿಗೆ ತಿರೋ. ಇನ್ನೊಂದು ಮಾತು. ಫೈಲನ್ನು ಅಂಗಡಿಗೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಸೊರಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಬೇಕು. ಅಂಚೆ ಕಾರ್ಡಿಗಿಂತ ತುಸು ದೊಡ್ಡದಾದ ಎ6 ಮುಖಕ್ಕೆ 300 ಡಿಪಿಐ ಲೆಕ್ಕದಲ್ಲಿ 1240 ಅಡ್ಡ, 1748 ಉದ್ದದ ಪಿಕ್ಸೆಲ್ ಬೇಕು. ಅದಕ್ಕಿಂತ ತೀರ ಕಡಿಮೆಯಾದರೆ ಗೆರೆಗೆ ಗರಗಸದ ಹಲ್ಲು ಮೂಡುತ್ತದೆ.

ಕಾಗದಕ್ಕೆ ನಾನು ಬಸ್ಸು ಹತ್ತಿ ಪ್ಯಾರೀಸ್ ಕಾರ್ನರಿಗೆ ಹೋಗುತ್ತೇನೆ. ಮೆಟ್ರೋ ಕಾಮಗಾರಿಗೆ ರಸ್ತೆ ಅಗೆದ ಮೇಲೆ ಆ ಪ್ರಯಾಣ ಒಂದು ಅರ್ಧ ದಿನದ ವ್ರತ. ಆದರೂ ಆಂಡರ್ಸನ್ ಸ್ಟ್ರೀಟ್‌ಗೆ ಸಾಟಿಯಿಲ್ಲ. ಮದುವೆ ಕಾಗದದ ಅಂಗಡಿಗಳು, ಬೋರ್ಡ್, ಬಾಂಡ್, ಲಕೋಟೆಯ ಸಗಟು ವ್ಯಾಪಾರಿಗಳು ಎಲ್ಲ ಒಂದೇ ಬೀದಿಯಲ್ಲಿ. ಹವ್ಯಾಸದ ಅಂಗಡಿಯಲ್ಲಿ ಹತ್ತು ಹಾಳೆಗೆ ಕೇಳುವ ಬೆಲೆಗೆ ಇಲ್ಲಿ ಒಂದು ಕಟ್ಟೇ ಬರುತ್ತದೆ. ಮದುವೆ ಕಾಲ ಮುಗಿದ ಮೇಲೆ ಹೋದರೆ ಉಳಿದ ಲಕೋಟೆಗಳನ್ನು ಚೌಕಾಸಿ ಮಾಡಿ ತರಬಹುದು. ನುಣುಪು ಆರ್ಟ್ ಕಾರ್ಡ್ ಕಣ್ಣಿಗೆ ಚೆಂದ, ಆದರೆ ಅದರ ಲೇಪನದ ಮೇಲೆ ಇಂಕ್‌ಜೆಟ್ ಶಾಯಿ ಒಣಗದೆ ಕೈಗೆ ಮೆತ್ತುತ್ತದೆ. ಲೇಪನವಿಲ್ಲದ, ಸ್ವಲ್ಪ ಒರಟಾದ 200ರಿಂದ 250 ಜಿಎಸ್‌ಎಂ ಹಾಳೆ ನನಗೆ ಸರಿ. ಅದಕ್ಕಿಂತ ದಪ್ಪದ್ದು ನನ್ನ ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

250 ಜಿಎಸ್‌ಎಂನ ಒಂದು ಎ4 ಹಾಳೆ ತೂಗುವುದು 15.6 ಗ್ರಾಂ. ಅದನ್ನು ಎರಡು ಮಾಡಿ, ಒಂದೊಂದನ್ನೂ ಮಡಿಸಿದರೆ ಎ6 ಅಳತೆಯ ಎರಡು ಕಾರ್ಡ್, ತಲಾ 8 ಗ್ರಾಂನ ಒಳಗೆ. ಬಣ್ಣ ತುಂಬಿದ ಚಿತ್ರವನ್ನು ಬೇರೆ ತುಂಡಿನಲ್ಲಿ ಮಾಡಿ ಮುಖಕ್ಕೆ ಅಂಟಿಸಿದರೆ ಇನ್ನೊಂದು 4 ಗ್ರಾಂ, ಲಕೋಟೆಗೆ ನಾಲ್ಕೈದು. ಅಂಚೆಯಲ್ಲಿ 5 ರೂಪಾಯಿಗೆ ಹೋಗುವ ಕಾಗದದ ಮಿತಿ 20 ಗ್ರಾಂ, ಅದರೊಳಗೇ ಉಳಿದೆವು. ರಿಬ್ಬನ್ನು, ಮಣಿ, ಉಬ್ಬು ಟೇಪು ಶುರುವಾದರೆ ತೂಕ ದಾಟುತ್ತದೆ, ದಾರಿಯಲ್ಲಿ ಲಕೋಟೆಯೂ ಹರಿಯುತ್ತದೆ. ಅವೆಲ್ಲ ಕೈಯಲ್ಲಿ ಕೊಡುವ ಕಾರ್ಡಿಗೆ ಇರಲಿ.

ಇನ್ನು ಶಾಯಿ. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಇಂಕ್‌ಜೆಟ್‌ನ ಕಪ್ಪು ಎರಡು ಜಾತಿ: ನೀರಿನಲ್ಲಿ ಕರಗುವ ಡೈ, ಕರಗದ ಪಿಗ್ಮೆಂಟ್. ಡೈ ಗೆರೆಯ ಮೇಲೆ ಜಲವರ್ಣದ ಕುಂಚ ಆಡಿಸಿದರೆ ಮಾವಿನೆಲೆ ಕೆಸುವಿನೆಲೆಯ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳುವಾಗ ಕಪ್ಪು ಪಿಗ್ಮೆಂಟೇ ಎಂದು ಕೇಳಿ ಕೊಳ್ಳಬೇಕು. ಅದಿದ್ದರೂ ಒಂದು ಒಳಗುಟ್ಟು ಇದೆ. ಸೆಟ್ಟಿಂಗ್‌ನಲ್ಲಿ ‘ಫೋಟೋ ಪೇಪರ್’ ಎಂದು ಆರಿಸಿದರೆ ಅನೇಕ ಪ್ರಿಂಟರುಗಳು ಕಪ್ಪು ಶೀಷೆಯನ್ನು ಮುಟ್ಟುವುದೇ ಇಲ್ಲ, ನೀಲಿ, ಕೆಂಪು, ಹಳದಿ ಬೆರೆಸಿ ಕಪ್ಪು ಮಾಡುತ್ತವೆ. ಆ ಬಣ್ಣಗಳು ಡೈ. ಕಾಗದ ದಪ್ಪವಿದ್ದರೂ ‘ಪ್ಲೇನ್ ಪೇಪರ್’ ಎಂದೇ ಕೊಟ್ಟು, ಕಪ್ಪು ಬಿಳುಪು ಆಯ್ಕೆ ಒತ್ತಿದರೆ ಗೆರೆ ನಿಲ್ಲುತ್ತದೆ. ಅಂಗಡಿಯ ಲೇಸರ್ ಪ್ರಿಂಟಿನ ಕಥೆ ತಿರುಗುಮುರುಗು. ನೀರಿಗೆ ಅದು ಜಗ್ಗುವುದಿಲ್ಲ, ಆಲ್ಕೊಹಾಲ್ ಮಾರ್ಕರ್ ತಾಗಿಸಿದರೆ ಟೋನರ್ ಕರಗಿ ಮಸಿ ಹರಡುತ್ತದೆ. ಕಲರ್ ಪೆನ್ಸಿಲ್ ಆದರೆ ಎರಡರ ಮೇಲೂ ಸಲೀಸು. ಅಗ್ಗದ ಕಾರ್ಡ್ ಎಂದು ಹೊರಟವರು ಪೆನ್ಸಿಲಿನಲ್ಲೇ ನಿಲ್ಲುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಮಾರ್ಕರ್ ಸೆಟ್ಟಿನ ಮೋಹ ಅಚ್ಚಿನ ಮೋಹಕ್ಕಿಂತ ದುಬಾರಿ.

ಲೇಸರ್ ಪ್ರಿಂಟಿಗೆ ಒಂದು ಹೆಚ್ಚುಗಾರಿಕೆಯೂ ಉಂಟು. ಟೋನರಿಗೆ ಅಂಟುವ ಚಿನ್ನದ ಬಣ್ಣದ ಫಾಯಿಲ್ ಸಿಗುತ್ತದೆ. ಅದನ್ನು ಪ್ರಿಂಟಿನ ಮೇಲೆ ಹಾಸಿ, ಜೆರಾಕ್ಸ್ ಅಂಗಡಿಯ ಲ್ಯಾಮಿನೇಶನ್ ಯಂತ್ರದಲ್ಲಿ ಬಿಸಿಯಾಗಿ ಹಾಯಿಸಿ, ಆರಿದ ಮೇಲೆ ಸುಲಿದರೆ ಗೆರೆ ಇರುವ ಕಡೆಯೆಲ್ಲ ಚಿನ್ನ. ಮದುವೆ ಕಾಗದದ ಠೀವಿ ಮೂರು ಕಾಸಿಗೆ ಬಂತು. ಗಣಪತಿಯನ್ನು ಹೀಗೆ ಚಿನ್ನದಲ್ಲಿ ಮೂಡಿಸಿ ನಮ್ಮತ್ತೆಗೆ ತೋರಿಸಿದೆ. ಮೆಚ್ಚಿಕೊಂಡರು, ಆಮೇಲೆ ಕೇಳಿದರು: “ಚೆನ್ನಾಗಿದೆಯಮ್ಮ. ಹಬ್ಬ ಆದಮೇಲೆ ಇದನ್ನ ಎಲ್ಲಿ ಹಾಕ್ತಾರೆ?” ಅದು ನ್ಯಾಯವಾದ ಪ್ರಶ್ನೆ. ದೇವರಿರುವ ಕಾರ್ಡನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ಕಪಾಟಿನ ಬಾಗಿಲಿಗೋ ಟೀವಿಯ ಹಿಂದಕ್ಕೋ ಸೇರಿ ಕೊಟ್ಟವರನ್ನೇ ಅಣಕಿಸುತ್ತದೆ. ಆಮೇಲಿಂದ ನನ್ನ ಕಾರ್ಡಿನಲ್ಲಿ ಕಬ್ಬು, ಮಡಕೆ, ದೀಪ, ತೋರಣ ಮಾತ್ರ.

ಮಳೆಗಾಲ ಈ ಊರಿನ ಕಾರ್ಡುಗಾರರಿಗೆ ಶತ್ರು. ಚೆನ್ನೈನ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್, ಅಂದರೆ ದೀಪಾವಳಿ, ಕ್ರಿಸ್ಮಸ್, ಪೊಂಗಲ್ ಕಾರ್ಡಿನ ಕೆಲಸ ಸಾಗಬೇಕಾದ ತಿಂಗಳುಗಳಲ್ಲೇ. ಹಾಳೆ ತೇವ ಕುಡಿದು ಬಿಲ್ಲಿನಂತೆ ಬಾಗುತ್ತದೆ, ಗೆರೆಯ ಅಂಚಿನಲ್ಲಿ ಶಾಯಿ ಕೂದಲೊಡೆಯುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಕರೆಂಟೂ ಇಲ್ಲ, ಪ್ರಿಂಟರೂ ಇಲ್ಲ. ಈಗ ಪೊಂಗಲ್‌ಗೆ ಬೇಕಾದ ಪ್ರಿಂಟುಗಳನ್ನೆಲ್ಲ ಆಗಸ್ಟ್–ಸೆಪ್ಟೆಂಬರಿನಲ್ಲೇ ತೆಗೆದು, ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಮುಚ್ಚಿಡುತ್ತೇನೆ. ಬಣ್ಣ ಹಾಕುವುದಕ್ಕೆ ಕರೆಂಟು ಬೇಡ, ಮಳೆ ಹೊಯ್ಯುವಾಗ ಕಿಟಕಿ ಬೆಳಕು ಸಾಕು. ಪ್ರಿಂಟರನ್ನು ಮಾತ್ರ ವಾರಕ್ಕೊಮ್ಮೆ ಓಡಿಸುತ್ತಿರಬೇಕು, ಇಲ್ಲವಾದರೆ ನಳಿಕೆ ಕಟ್ಟಿ ರಿಪೇರಿಗೆ ತೆರಬೇಕಾಗುತ್ತದೆ.

ಚಿತ್ರ ಕೊಳ್ಳುವುದನ್ನು ನಾನು ಬಹುಪಾಲು ನಿಲ್ಲಿಸಿದ್ದು ಅತ್ತೆಯ ರಂಗೋಲಿ ಪುಸ್ತಕ ಕೈಗೆ ಸಿಕ್ಕ ಮೇಲೆ. ಅವರ ಮನೆಯವರು ಮದ್ರಾಸಿಗೆ ಬಂದು ನೆಲೆಸಿ ತಲೆಮಾರುಗಳಾಗಿವೆ. ಮನೆಮಾತು ಕನ್ನಡ, ಬಾಗಿಲ ಮುಂದೆ ಧನುರ್ಮಾಸದ ಕೋಲಂ. ಹಳೆಯ ನೋಟ್‌ಬುಕ್ಕಿನ ತುಂಬ ಚುಕ್ಕಿಗಳು, 15ರಿಂದ 8ರವರೆಗೆ ಇಳಿದು ಬರುವ ಸಾಲುಗಳು, ನಡುವೆ ತಾವರೆ, ಹಣತೆ, ಗಿಣಿ. ಇದಕ್ಕಿಂತ ಬೇರೆ ಡಿಜಿಟಲ್ ಸ್ಟ್ಯಾಂಪ್ ಯಾಕೆ? ತೊಡಕು ಒಂದೇ, ಅವರು ಬರೆದದ್ದು ನೀಲಿ ಬಾಲ್‌ಪೆನ್ನಿನಲ್ಲಿ, ಪುಸ್ತಕದ ಗೆರೆಯೂ ನೀಲಿ. ಸ್ಕ್ಯಾನ್ ಮಾಡಿ ಒಂದನ್ನು ಅಳಿಸಹೊರಟರೆ ಇನ್ನೊಂದೂ ಹೋಗುತ್ತದೆ. ಬಟರ್ ಪೇಪರ್ ಇಟ್ಟು ಕಪ್ಪು ಜೆಲ್ ಪೆನ್ನಿನಲ್ಲಿ ತಿದ್ದಿ, 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನ ಟ್ರೇಸ್‌ಗೆ ಒಪ್ಪಿಸಿದರೆ ಎಷ್ಟು ದೊಡ್ಡದು ಮಾಡಿದರೂ ಒಡೆಯದ ಗೆರೆ ಸಿಗುತ್ತದೆ. ತಿದ್ದುವ ಕೆಲಸವನ್ನು ಅತ್ತೆಯೇ ಮಾಡುತ್ತಾರೆ, ನಾನು ಎಳೆದ ಗೆರೆ ಅವರಿಗೆ ಹಿಡಿಸುವುದಿಲ್ಲ. ಸಿನಿಮಾ ನಟರಾದ ಎಂಜಿಆರ್, ಶಿವಾಜಿಯ ಚಿತ್ರವಿದ್ದ ಪೊಂಗಲ್ ಶುಭಾಶಯದ ‘ವಾಳ್ತು’ ಕಾರ್ಡುಗಳನ್ನು ಅಂಗಡಿಯವರು ಹಗ್ಗಕ್ಕೆ ನೇತುಹಾಕುತ್ತಿದ್ದ ಕಾಲದ ಕಥೆಗಳು ಹೊರಬರುವುದೂ ಆಗಲೇ.

ಕೊಂಡ ಚಿತ್ರಕ್ಕೆ ಕಟ್ಟುಪಾಡುಗಳಿವೆ, ಓದಬೇಕು. ಕೆಲವರು ಸ್ವಂತ ಬಳಕೆಗೆ ಮಾತ್ರ ಕೊಡುತ್ತಾರೆ. ಕೆಲವರು ಕೈಯಲ್ಲಿ ಬಣ್ಣ ಹಾಕಿದ ಕಾರ್ಡನ್ನು ಮಾರಲು ಬಿಡುತ್ತಾರೆ, ಹಿಂಬದಿಯಲ್ಲಿ ಕಲಾವಿದರ ಹೆಸರು ಕೇಳುತ್ತಾರೆ. ಫೈಲನ್ನೇ ಹಂಚಲು ಸಾಮಾನ್ಯವಾಗಿ ಯಾರೂ ಬಿಡುವುದಿಲ್ಲ, ಆದರೂ ಗುಂಪುಗಳಲ್ಲಿ ಅವು ಪ್ರಸಾದದಂತೆ ಓಡಾಡುತ್ತಿರುತ್ತವೆ. ಎರಡು ಡಾಲರಿಗೆ ಚಿತ್ರ ಬರೆದು ಬದುಕುವ ಯಾರೋ ಒಬ್ಬಳ ಕೂಲಿ ಅದು. ಹಳೆಯ ಚಿತ್ರ ಬೇಕೆಂದವರಿಗೆ ನಮ್ಮ ಕಾನೂನೇ ದಾರಿ ಕೊಟ್ಟಿದೆ. ಕಲಾವಿದ ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕು ಮುಗಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳ ಗೆರೆ ತೆಗೆದು ಬಳಸಿದರೆ ಯಾರ ಅಪ್ಪಣೆಯೂ ಬೇಡ.

ಮಾರುತ್ತೀರಾ ಎಂದು ಕೇಳುವವರಿದ್ದಾರೆ. ಕಾಗದ, ಶಾಯಿ, ಲಕೋಟೆ ಸೇರಿ ಒಂದು ಕಾರ್ಡಿಗೆ ಆಗುವ ಖರ್ಚು ಒಂದು ಫಿಲ್ಟರ್ ಕಾಫಿಗಿಂತ ಕಡಿಮೆ. ಬಣ್ಣ ತುಂಬಲು ಹಿಡಿಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಆ ಬೆಲೆಗೆ ಮಾರಲಾಗದು, ಹಿಡಿಯದಿದ್ದರೆ ಅದು ಹವ್ಯಾಸ. ನಾನು ಹವ್ಯಾಸದ ಕಡೆಗೇ ಇದ್ದೇನೆ. ಮೇಲಿನ ಮನೆಯ ತೆಲುಗಿನ ಅಕ್ಕ ನವರಾತ್ರಿಯ ಬೊಂಬೆ ಕೂರಿಸುವುದಕ್ಕೆ ಕರೆಯಲು ಐವತ್ತು ಕಾರ್ಡ್ ಬೇಕೆಂದು ಬಂದಿದ್ದರು. ಅತ್ತೆಯ ತಾವರೆ ರಂಗೋಲಿಯ ಕೆಳಗೆ ತೆಲುಗಿನಲ್ಲಿ ಬರೆಸಿ, ಎ4ಗೆ ಎರಡರಂತೆ ಪ್ರಿಂಟ್ ತೆಗೆದು ಕೊಟ್ಟೆ. ಬಣ್ಣ ಅವರ ಮಕ್ಕಳು ಹಾಕಿಕೊಳ್ಳಬೇಕು. ಪೆನ್ಸಿಲ್ ಡಬ್ಬಿ ಬೇಕಾದರೆ ನಮ್ಮ ಮನೆಯಿಂದ ತೆಗೆದುಕೊಂಡು ಹೋಗಿ ಎಂದಿದ್ದೇನೆ.