ಕೌಂಟರಿಗೆ ಹೊರಟ ಮೊಮ್ಮಗಳಿಗೆ

ಪುಟ್ಟಿ,

ದಸರೆಗೆ ನೀನು ತಂದುಕೊಟ್ಟ ಶರ್ಟಿನ ಒಳಮಗ್ಗುಲಿನ ಚೀಟಿ ಸೊಂಟಕ್ಕೆ ಚುಚ್ಚುತ್ತಿತ್ತು. ಅಜ್ಜಿ ಕತ್ತರಿಸಿ ಕೊಟ್ಟಳು. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಎರಡು ಪದರದ ನಡುವೆ ರಂಗೋಲಿ ಎಳೆಯ ಹಾಗೆ ಸುತ್ತಿಕೊಂಡ ಬೆಳ್ಳಿಗೀರು, ನಟ್ಟನಡುವೆ ಗಸಗಸೆ ಕಾಳಿನಂಥ ಕಪ್ಪು ಚುಕ್ಕೆ. ಸೋಮವಾರದಿಂದ ನೀನು ಬೆಂಗಳೂರಿನ ಬಟ್ಟೆ ಶೋರೂಮಿನಲ್ಲಿ ಬಿಲ್ಲು ಹಾಕುವವಳು. ದಾವಣಗೆರೆಯ ಜವಳಿ ಅಂಗಡಿಯಲ್ಲಿ 32 ವರ್ಷ ಬಿಲ್ಲು ಬರೆದವನ ಮಾತು ಒಂದಿಷ್ಟು ಕಿವಿಗೆ ಬೀಳಲಿ.

ಬಾರ್‌ಕೋಡು ನಿನಗೆ ಗೊತ್ತು. ಒಂದೇ ಅಳತೆ, ಒಂದೇ ಬಣ್ಣದ ನೂರು ಶರ್ಟಿಗೂ ಒಂದೇ ಸಂಖ್ಯೆ. ನಾನು ಬೆಳಕಿಗೆ ಹಿಡಿದ ಚೀಟಿಯೊಳಗಿದ್ದದ್ದು ಆರ್‌ಎಫ್‌ಐಡಿ ಟ್ಯಾಗು, ಅದರಲ್ಲಿ ನೂರು ಶರ್ಟಿಗೆ ನೂರು ಬೇರೆ ಬೇರೆ ಸಂಖ್ಯೆ. ಬ್ಯಾಟರಿ ಇಲ್ಲ, ರೀಡರಿನ ರೇಡಿಯೋ ಅಲೆ ತಾಕಿದರೆ ಸಾಕು, ಎಚ್ಚೆತ್ತು ತನ್ನ ಸಂಖ್ಯೆ ಒದರುತ್ತದೆ. ಚೀಲದೊಳಗಿದ್ದರೂ ಸರಿ, ಒಂದೆರಡು ಮಾರು ದೂರವಿದ್ದರೂ ಸರಿ. ಟೋಲಿನಲ್ಲಿ ಫಾಸ್ಟ್ಯಾಗ್ ಓದುವುದೂ ಇದೇ ವಿದ್ಯೆಯಿಂದ. ದೀಪಾವಳಿ ಹೊತ್ತಿಗೆ ರಾತ್ರಿಯೆಲ್ಲ ಕೂತು ಥಾನು ಎಣಿಸಿದವನು ನಾನು. ಎಣಿಕೆಯನ್ನು ಇಷ್ಟು ಹಗುರ ಮಾಡುವ ಟ್ಯಾಗನ್ನು ಕೆಟ್ಟದ್ದು ಅನ್ನಲಾರೆ.

ಟ್ಯಾಗಿಗೆ ನಮ್ಮ ಹೆಸರು ಗೊತ್ತಿಲ್ಲ. ಹೆಸರಿಗೂ ಸಂಖ್ಯೆಗೂ ಗಂಟು ಬೀಳುವುದು ನೀನು ನಿಲ್ಲುವ ಕೌಂಟರಿನಲ್ಲಿ, ‘ಮೊಬೈಲ್ ನಂಬರ್ ಹೇಳಿ ಸಾರ್’ ಅನ್ನುವ ಆ ಗಳಿಗೆಯಲ್ಲಿ.

ಈ ಗಂಟಿನ ಭಯ ಹೊಸದಲ್ಲ. ಜರ್ಮನಿಯ ರೈನ್‌ಬರ್ಗಿನಲ್ಲಿ ಮೆಟ್ರೋ ಕಂಪನಿ 2003ರಲ್ಲಿ ‘ನಾಳೆಯ ಅಂಗಡಿ’ ಅಂತ ಒಂದನ್ನು ತೆರೆದಿತ್ತು. ಸಾಮಾನಿನ ಮೇಲಿನ ಟ್ಯಾಗು ಎಲ್ಲರಿಗೂ ತಿಳಿದದ್ದೇ. ಮರುವರ್ಷ ಅಮೆರಿಕದ ಕ್ಯಾಥರಿನ್ ಆಲ್ಬ್ರೆಕ್ಟ್ ಎಂಬ ಹೋರಾಟಗಾರ್ತಿ ಹೋಗಿ ನೋಡಿದಾಗ ಗಿರಾಕಿಗಳಿಗೆ ಕೊಟ್ಟ ರಿಯಾಯಿತಿ ಕಾರ್ಡಿನೊಳಗೂ ಚಿಪ್ಪು ಸಿಕ್ಕಿತು. ಸಿನಿಮಾ ತುಣುಕು ನೋಡುವವರ ವಯಸ್ಸು ತಿಳಿಯಲು ಇಟ್ಟದ್ದು ಅಂತ ಕಂಪನಿಯ ಸಮಜಾಯಿಷಿ. ಬಾಗಿಲ ಬಳಿ ಟ್ಯಾಗು ಅಳಿಸುವ ಯಂತ್ರವೂ ಇತ್ತು. ಅದು ಸಾಮಾನಿನ ಸಂಖ್ಯೆ ಅಳಿಸುತ್ತಿತ್ತು, ಚಿಪ್ಪಿನ ಹುಟ್ಟುಸಂಖ್ಯೆ ಹಾಗೇ ಉಳಿಯುತ್ತಿತ್ತು. ಜನ ಅಂಗಡಿ ಮುಂದೆ ಬಂದು ನಿಂತರು, ಕಾರ್ಡು ವಾಪಸಾಯಿತು. ಚಿಪ್ಪಿಗಿಂತ ಹೇಳದೆ ಇಟ್ಟದ್ದೇ ಅವರಿಗೆ ಹೆಚ್ಚು ಉರಿದಿರಬೇಕು, ನನಗಾದರೂ ಹಾಗೇ.

ನಮ್ಮ ಉದ್ರಿ ಪುಸ್ತಕಕ್ಕೆ ಏನು ಕಡಿಮೆ ಗೊತ್ತಿತ್ತೇ? ಒಬ್ಬ ಯಜಮಾನರು ಒಂದೇ ಥರದ್ದು ಎರಡು ಸೀರೆ ಕಟ್ಟಿಸಿಕೊಂಡು ಹೋದರು. ವಾರದ ಮೇಲೆ ಅವರ ಮನೆಯವರು ಕುಪ್ಪಸದ ಕಣಕ್ಕೆ ಬಂದವರು, ‘ಆವತ್ತು ಇವರು ಎಷ್ಟು ಸೀರೆ ತಗೊಂಡ್ರು?’ ಅಂದರು. ನಾನು ಗಜಕಡ್ಡಿ ಕಡೆ ತಲೆ ಬಗ್ಗಿಸಿ ‘ಪುಸ್ತಕ ಸಾಹುಕಾರರ ಹತ್ತಿರ ಇದೆ ತಾಯಿ’ ಅಂದೆ. ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿಯದು. ಆದರೆ ಆವತ್ತು ಬಾಯಿ ಕಟ್ಟಿತ್ತಲ್ಲ, ಆ ಸಂಕೋಚ ನಿನ್ನ ಕಂಪ್ಯೂಟರಿಗೆ ಬರುವುದಿಲ್ಲ. ಪಾಸ್‌ವರ್ಡ್ ಇದ್ದ ಯಾರು ಕೇಳಿದರೂ ಹೇಳುತ್ತದೆ. ಆ ಸಂಕೋಚವನ್ನು ನೀನೇ ಪಡಬೇಕು.

ಹಾಗಾಗಿ ನಂಬರನ್ನು ಒಂದೇ ಸಲ ಕೇಳು. ಬೇಡ ಅಂದರೆ ಬಿಲ್ಲು ಹಾಕು. ‘ಸಿಸ್ಟಮ್ ತಗೊಳಲ್ಲ’ ಅನ್ನುವ ಸುಳ್ಳು ಬೇಡ. ನಂಬರಿಗಾಗಿ ಪಟ್ಟು ಹಿಡಿಯಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೇ 2023ರಲ್ಲಿ ಅಂಗಡಿಯವರಿಗೆ ತಿಳಿಸಿದೆ. ಟ್ಯಾಗು ಇರುವ ಚೀಟಿ ಯಾವುದು, ಹೊಲಿಗೆ ಬಿಚ್ಚದಂತೆ ಎಲ್ಲಿ ಕತ್ತರಿಸಬೇಕು ಅಂತ ಕೇಳಿದವರಿಗೆ ತೋರಿಸು. ಟ್ಯಾಗನ್ನು ಪೂರ್ತಿ ಸಾಯಿಸುವ ಆಜ್ಞೆ ಅಂತಲೂ ಒಂದಿದೆ. ನಿಮ್ಮಲ್ಲಿ ಅದನ್ನು ಬಳಸುತ್ತಾರೋ ಇಲ್ಲವೋ ಮ್ಯಾನೇಜರನ್ನು ಕೇಳು. ಮೊದಲ ವಾರವೇ ಬೇಡ, ಕೆಲಸ ಗಟ್ಟಿಯಾಗಲಿ.

‘ಈ ವಯಸ್ಸಲ್ಲಿ ನಿಮಗ್ಯಾಕೆ ತಾತ’ ಅನ್ನುತ್ತೀಯ. ನಮ್ಮ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಆ ಮೊಕದ್ದಮೆಯಲ್ಲೇ.

ಮೊದಲ ಸಂಬಳದಲ್ಲಿ ಅಜ್ಜಿಗೆ ಸೀರೆ ತರುತ್ತೀಯಂತೆ, ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ತಾ. ಬಿಲ್ಲಿಗೆ ನನ್ನ ನಂಬರ್ ಮಾತ್ರ ಕೊಡಬೇಡ.