ಎಐಗೆ ಒಮ್ಮೆ ಕಲಿಸಿ, ಸೀಸನ್ ಪೂರ್ತಿ ಬಳಸಿ: ಬೋರ್ಡೋ ದ್ರಾವಣದ 'ಸ್ಕಿಲ್' ಮಾಡುವ ಕ್ರಮ

ಮಳೆಗಾಲ ಹತ್ತಿರ ಬಂತು ಅಂದ್ರೆ ಅಡಿಕೆ ಬೆಳೆಗಾರರಲ್ಲಿ ಒಂದೇ ಪ್ರಶ್ನೆ: "ಡ್ರಮ್ಮಿಗೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು?" ಈಗ ಅದನ್ನೇ ನಮ್ಮ ಹುಡುಗರು ಮೊಬೈಲಿನಲ್ಲಿ ಎಐ ಸಹಾಯಕನಿಗೆ ಕೇಳ್ತಿದ್ದಾರೆ. ಕೇಳೋದು ತಪ್ಪಲ್ಲ. ಆದರೆ ಪ್ರತಿ ಸಲ ಹೊಸದಾಗಿ ಕೇಳಿದರೆ ಉತ್ತರವೂ ಬೇರೆ ಬೇರೆ ಬರಬಹುದು. ಒಂದು ದಿನ ಸರಿಯಾದ ಅಳತೆ, ಇನ್ನೊಂದು ದಿನ ನೀವು ಕೇಳದೇ ಇರುವ ಯಾವುದೋ ಶಿಲೀಂಧ್ರನಾಶಕದ ಹೆಸರು. ಕೊಳೆರೋಗ ಇಂಥ ಗೊಂದಲಕ್ಕೆಲ್ಲ ಕಾಯೋದಿಲ್ಲ. ಮಳೆ ಬಿಡುವು ಕೊಟ್ಟ ದಿನ, ಕೊನೆಗಾರ ಸಿಕ್ಕ ದಿನ, ದ್ರಾವಣ ಸರಿಯಾಗಿಯೇ ಇರಬೇಕು.

ಇದಕ್ಕೆ ಪರಿಹಾರ ಒಂದು ಚಿಕ್ಕ ಕಡತ. ಇದನ್ನು 'ಸ್ಕಿಲ್' ಅಂತಾರೆ. ಆಂಥ್ರೋಪಿಕ್ ಕಂಪನಿ ತನ್ನ ಕ್ಲಾಡ್ ಸಹಾಯಕನಿಗೆ 2025ರ ಅಕ್ಟೋಬರ್‌ನಲ್ಲಿ ಈ ಹೆಸರಿನ ಸೌಲಭ್ಯ ತಂದಿತು. ಬೇರೆ ಸಹಾಯಕಗಳಲ್ಲೂ ಇದೇ ಥರದ ವ್ಯವಸ್ಥೆಗಳಿವೆ. ಯಾವುದೂ ಬೇಡ ಅಂದ್ರೆ ಮೊಬೈಲಿನ ನೋಟ್ಸ್‌ನಲ್ಲಿ ಬರೆದಿಟ್ಟು, ಪ್ರಶ್ನೆ ಕೇಳುವ ಮೊದಲು ಅದನ್ನು ಕಾಪಿ ಮಾಡಿ ಹಾಕಿದರೂ ಕೆಲಸ ನಡೆಯುತ್ತೆ.

ಸ್ಕಿಲ್ ಕೆಲಸ ಮಾಡೋದು ಹೇಗೆ?

ಅಟ್ಟದ ಮೇಲಿನ ಡಬ್ಬಿಗಳನ್ನು ನೆನಪು ಮಾಡಿಕೊಳ್ಳಿ. ಪ್ರತಿ ಡಬ್ಬಿಯ ಮೇಲೂ ಒಂದು ಚೀಟಿ ಇರುತ್ತೆ. ಎಲ್ಲ ಡಬ್ಬಿ ತೆಗೆಯೋದಿಲ್ಲ, ಚೀಟಿ ನೋಡಿ ಬೇಕಾದ್ದನ್ನು ಮಾತ್ರ ತೆಗೀತೀವಿ. ಸ್ಕಿಲ್ ಕೂಡ ಹಾಗೇ. ಸಹಾಯಕ ಮೊದಲು ಹೆಸರು ಮತ್ತು ವಿವರಣೆಯನ್ನು ಮಾತ್ರ ನೋಡುತ್ತೆ. ನಿಮ್ಮ ಪ್ರಶ್ನೆ ಅದಕ್ಕೆ ಹೊಂದಿದರೆ ಮಾತ್ರ ಒಳಗಿನ ಸೂಚನೆ ಓದುತ್ತೆ. ಹಾಗಾಗಿ ಹತ್ತಾರು ಸ್ಕಿಲ್ ಇಟ್ಟರೂ ಒಂದಕ್ಕೊಂದು ಕಲಸಿ ಹೋಗುವ ಸಂಭವ ಕಡಿಮೆ. ಆದರೆ ಚೀಟಿ ಸರಿ ಇರಬೇಕು. "ತೋಟದ ಔಷಧಿ" ಅಂತ ಬರೆದರೆ ಯಾವಾಗ ತೆಗೀಬೇಕು ಅಂತ ಅದಕ್ಕೆ ಗೊತ್ತಾಗೋದಿಲ್ಲ.

ನಾನು ಬಳಸುವ ಕಡತ

ಹೆಸರು: ಬೋರ್ಡೋ ದ್ರಾವಣ, ಅಡಿಕೆ.

ವಿವರಣೆ: ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವ ಅಳತೆ, ಕ್ರಮ, ಪರೀಕ್ಷೆ. ಬಳಕೆದಾರ ಬೋರ್ಡೋ, ಮೈಲುತುತ್ತ, ಸುಣ್ಣ ಅಥವಾ ಕೊಳೆ ಔಷಧಿ ಅಂದಾಗ ಇದನ್ನು ಬಳಸು.

ಸೂಚನೆ:
1. ಮೊದಲು ಡ್ರಮ್ ಎಷ್ಟು ಲೀಟರಿನದು ಅಂತ ಕೇಳು. ಊಹೆ ಮಾಡಬೇಡ.
2. ಅಳತೆ: 100 ಲೀಟರ್ ದ್ರಾವಣಕ್ಕೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಬೇರೆ ಗಾತ್ರಕ್ಕೆ ಇದೇ ಪ್ರಮಾಣದಲ್ಲಿ ಲೆಕ್ಕ ಹಾಕಿ, ಲೆಕ್ಕವನ್ನೂ ತೋರಿಸು.
3. ಕ್ರಮ: ಅರ್ಧ ನೀರಿನಲ್ಲಿ ಮೈಲುತುತ್ತ, ಇನ್ನರ್ಧ ನೀರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ ಸೋಸಬೇಕು. ಕಲಕುತ್ತಾ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು.
4. ಪ್ಲಾಸ್ಟಿಕ್ ಅಥವಾ ಮರದ ಪಾತ್ರೆ ಮಾತ್ರ. ಕಬ್ಬಿಣದ್ದು ಬೇಡ.
5. ಪರೀಕ್ಷೆ: ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದು. ಕೆಂಪು ಬಣ್ಣ ಕೂತರೆ ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ಪರೀಕ್ಷಿಸಲು ಹೇಳು.
6. ತಯಾರಿಸಿದ ದಿನವೇ ಬಳಸಬೇಕು.
7. ಸಿಂಪಡಣೆ: ಮುಂಗಾರು ಶುರುವಾಗುವ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ.
8. ಈ ಕಡತದಲ್ಲಿ ಇಲ್ಲದ ಬೆಳೆ, ರೋಗ ಅಥವಾ ಔಷಧಿ ಬಗ್ಗೆ ಕೇಳಿದರೆ ಅಳತೆ ಹೇಳಬೇಡ. "ಇದರಲ್ಲಿ ಇಲ್ಲ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ" ಅನ್ನು.
9. ಉತ್ತರ ಕನ್ನಡದಲ್ಲಿ, ಹತ್ತು ಸಾಲಿನೊಳಗೆ ಇರಲಿ.

ಅಷ್ಟೇ. ಒಂದು ಪುಟಕ್ಕಿಂತ ಕಡಿಮೆ.

ಈ ಸಾಲುಗಳು ಯಾಕೆ?

1ನೇ ಸೂಚನೆ ಇಲ್ಲದಿದ್ದರೆ ಸಹಾಯಕ 100 ಲೀಟರಿಗೇ ಲೆಕ್ಕ ಹೇಳಿಬಿಡಬಹುದು. ನಿಮ್ಮ ಡ್ರಮ್ 200 ಲೀಟರಿನದಾದರೆ ದ್ರಾವಣದ ಶಕ್ತಿ ಅರ್ಧಕ್ಕೆ ಇಳಿಯುತ್ತೆ. 5ನೇದು ಇನ್ನೂ ಮುಖ್ಯ. ಎಲ್ಲ ಸುಣ್ಣವೂ ಒಂದೇ ಗುಣಮಟ್ಟದ್ದಲ್ಲ. ತೂಕ ಸರಿ ಇದ್ದರೂ ಹಳೇ ಸುಣ್ಣಕ್ಕೆ ಶಕ್ತಿ ಸಾಲದೆ ಹೋಗಬಹುದು. ಆಗ ಉಳಿದ ತಾಮ್ರ ಎಳೆ ಕಾಯಿ, ಸಿಂಗಾರ ಸುಡುತ್ತೆ. ಸುಣ್ಣದ ಗುಣ ಎಐಗೆ ಕಾಣೋದಿಲ್ಲ, ಚಾಕುವಿಗೆ ಕಾಣುತ್ತೆ. ಆದ್ದರಿಂದ ಒಳ್ಳೇ ಸ್ಕಿಲ್ ಉತ್ತರ ಕೊಡುವುದರ ಜೊತೆಗೆ ರೈತನ ಕೈಯಿಂದ ಪರೀಕ್ಷೆ ಮಾಡಿಸಬೇಕು.

8ನೇದು ಬೇಲಿ ಇದ್ದಹಾಗೆ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಧಾಟಿಯಲ್ಲೇ ಹೇಳುವ ಗುಣ ಎಐಗಿದೆ. ಬೇಲಿ ಹಾಕಿದರೂ ಒಮ್ಮೊಮ್ಮೆ ದಾಟುತ್ತೆ, ಆದರೆ ಬಹಳ ಕಡಿಮೆ.

ತೋಟಕ್ಕೆ ಇಳಿಸುವ ಮೊದಲು ಪರೀಕ್ಷೆ

ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿ.

- "ನನ್ನ ಡ್ರಮ್ 150 ಲೀಟರ್." ಬರಬೇಕಾದ್ದು: ಮೈಲುತುತ್ತ 1.5 ಕೆಜಿ, ಸುಣ್ಣ 1.5 ಕೆಜಿ, 75 ಮತ್ತು 75 ಲೀಟರ್ ನೀರು.
- "ಮೈಲುತುತ್ತ 800 ಗ್ರಾಂ ಮಾತ್ರ ಉಳಿದಿದೆ." ಬರಬೇಕಾದ್ದು: 80 ಲೀಟರ್ ದ್ರಾವಣ ಮಾತ್ರ.
- "ನಿನ್ನೆ ಕಲಸಿದ್ದು ಉಳಿದಿದೆ, ಹೊಡೀಬಹುದಾ?" ಬರಬೇಕಾದ್ದು: ಬೇಡ.
- "ಟೊಮೆಟೊಗೆ ಎಷ್ಟು ಹಾಕಲಿ?" ಬರಬೇಕಾದ್ದು: ಇದರಲ್ಲಿ ಇಲ್ಲ.

ಒಂದು ತಪ್ಪಿದರೂ ಆ ಸಾಲನ್ನು ಇನ್ನೂ ಬಿಡಿಸಿ ಬರೆಯಿರಿ, ಮತ್ತೆ ನಾಲ್ಕನ್ನೂ ಕೇಳಿ. ಆ್ಯಪ್ ಅಪ್‌ಡೇಟ್ ಆದಾಗಲೂ ಇದೇ ಪರೀಕ್ಷೆ.

ನೆನಪಿಡಬೇಕಾದ್ದು

ಒಂದು ಕೆಲಸಕ್ಕೆ ಒಂದು ಸ್ಕಿಲ್. ಜೀವಾಮೃತ, ಕೂಲಿ ಲೆಕ್ಕ, ಬೋರ್ಡೋ ಎಲ್ಲ ಒಂದೇ ಕಡತಕ್ಕೆ ತುರುಕಬೇಡಿ. ಬೇರೆ ಬೇರೆ ಇದ್ದರೆ ಒಂದನ್ನು ತಿದ್ದಿದಾಗ ಇನ್ನೊಂದು ಕೆಡೋದಿಲ್ಲ, ಪಕ್ಕದ ಮನೆಯವರಿಗೆ ಬೇಕಾದ್ದನ್ನಷ್ಟೇ ಕಳಿಸಬಹುದು. ಕೆಳಗೆ ತಿದ್ದಿದ ದಿನಾಂಕ ಹಾಕಿ. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಯಾವತ್ತೂ ಇದರಲ್ಲಿ ಬರೀಬೇಡಿ. ಬೇರೆಯವರು ಕಳಿಸಿದ ಸ್ಕಿಲ್ ಬಂದರೆ ಪೂರ್ತಿ ಓದದೆ ಬಳಸಬೇಡಿ.

ಸಾವಯವ ಪ್ರಮಾಣಪತ್ರ ಇರುವವರಿಗೆ ಒಂದು ಮಾತು: ತಾಮ್ರಕ್ಕೆ ಮಿತಿ ಇದೆ. ಬಳಸುವ ಮೊದಲು ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ. ಅವರು ಹೇಳಿದ್ದನ್ನು 10ನೇ ಸೂಚನೆಯಾಗಿ ಸೇರಿಸಿ. ಡ್ರಮ್, ಪಂಪು ತೊಳೆದ ನೀರನ್ನು ಕೆರೆ, ಹಳ್ಳಕ್ಕೆ ಬಿಡಬೇಡಿ, ತಾಮ್ರ ಮೀನಿಗೆ ವಿಷ.

ಈ ವಾರದ ಕೆಲಸ: ನಿಮ್ಮ ಮನೆಯಲ್ಲಿ ಅಪ್ಪನಿಗೋ ಅಜ್ಜನಿಗೋ ಬಾಯಿಪಾಠ ಇರುವ ಒಂದು ಕೆಲಸ ಆರಿಸಿ. ಬೀಜೋಪಚಾರ ಆಗಬಹುದು, ಗೊಬ್ಬರ ಆಗಬಹುದು. ಪಕ್ಕದಲ್ಲಿ ಕೂತು "ಮೊದಲು ಏನು, ಆಮೇಲೆ ಏನು, ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ ಬರೆದುಕೊಳ್ಳಿ. ಮೂರನೇ ಪ್ರಶ್ನೆಗೆ ಬರುವ ಉತ್ತರ ಬಹಳ ಸಲ ಪುಸ್ತಕದಲ್ಲಿ ಇರೋದಿಲ್ಲ. ಸ್ಕಿಲ್‌ನಲ್ಲಿ ಮೊದಲು ಬರೆಯಬೇಕಾದ್ದು ಅದನ್ನೇ.