ಮದುವೆಗೆ ನಮ್ಮ ಹಿತ್ತಲ ಹೂವು

ಮದುವೆ ಬಂತು ಅಂದರೆ ಖರ್ಚು ಬಂತು. ಮದುವೆ ಕಾಲದಲ್ಲಿ ಹೂವಿನ ಬೆಲೆಯೂ ಏರುತ್ತದೆ. ಸಾಲ ಮಾಡಿ ಹೂವು ತರುತ್ತೇವೆ. ಆದರೆ ನಮ್ಮ ಹಿತ್ತಲಲ್ಲೇ ಚೆಂಡುಹೂವು, ಗುಲಾಬಿ ಅರಳಿ ಉದುರಿ ಹೋಗುತ್ತವೆ. ಅವನ್ನು ಒಣಗಿಸಿ ಇಡೋಣ.

ಒಣಗಿಸೋದು ಹೇಗೆ?

ಇಬ್ಬನಿ ಆರಿದ ಮೇಲೆ ಹೂವು ಕೀಳೋಣ. ಹುಳ ಹಿಡಿದದ್ದು ಬೇಡ. ಮೊರದ ಮೇಲೆ ಬಟ್ಟೆ ಹಾಸೋಣ. ಎಸಳು ಬಿಡಿಸಿ ತೆಳ್ಳಗೆ ಹರಡೋಣ. ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ. ದಿನಾ ಒಮ್ಮೆ ಕೈಯಾಡಿಸಬೇಕು.

ವಾರ, ಹತ್ತು ದಿನದಲ್ಲಿ ಎಸಳು ಒಣಗುತ್ತದೆ. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಬೇಕು. ಮೆತ್ತಗಿದ್ದರೆ ಇನ್ನೂ 2 ದಿನ ಬಿಡೋಣ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬೋಣ.

ಹೂವಿನಲ್ಲಿ ಹೆಚ್ಚು ಭಾಗ ನೀರೇ. ಬುಟ್ಟಿ ತುಂಬ ಹೂವು ಒಣಗಿದರೆ ಸ್ವಲ್ಪವೇ ಆಗುತ್ತದೆ. ಅದಕ್ಕೇ 2 ತಿಂಗಳು ಮೊದಲೇ ಶುರು ಮಾಡೋಣ. ಅಕ್ಕಪಕ್ಕದವರೂ ಒಂದೊಂದು ಡಬ್ಬಿ ಕೊಟ್ಟರೆ ಕೆಲಸ ಹಗುರ.

ಯಾವುದಕ್ಕೆ ಬಳಸೋದು?

ಅಕ್ಷತೆಗೆ ಸ್ವಲ್ಪ ಅಕ್ಕಿ ಸಾಕು. ಅದರ ಜೊತೆ ಎಸಳು ಬೆರೆಸೋಣ. ಕಾಲಡಿಗೆ ಬೀಳುವ ಅಕ್ಕಿ ಅಡುಗೆಮನೆಯಲ್ಲಿ ಉಳಿಯುತ್ತದೆ. ರಂಗೋಲಿಗೂ ಎಸಳು ತುಂಬಬಹುದು. ಹಾರಕ್ಕೆ ಮಾತ್ರ ಹಸಿ ಹೂವೇ ಬೇಕು.

ಮಗಳು ನೀರು ಹಾಕಿ ಬೆಳೆಸಿದ ಹೂವು ಧಾರೆಯ ದಿನ ಅವಳ ತಲೆ ಮೇಲೆ ಬೀಳುತ್ತದೆ. ಕೊಂಡು ತಂದ ಹೂವಿಗೆ ಆ ಚೆಂದ ಎಲ್ಲಿಂದ ಬರಬೇಕು?

ಉತ್ತರ ಬರೆಯಿರಿ:
1. ಎಸಳನ್ನು ನೆರಳಿನಲ್ಲಿ ಏಕೆ ಒಣಗಿಸಬೇಕು?
2. ಎಸಳು ಒಣಗಿದ್ದು ಹೇಗೆ ತಿಳಿಯುತ್ತದೆ?
3. ನಿಮ್ಮ ಮನೆಯ ಮದುವೆಯಲ್ಲಿ ಹೂವಿಗೆ ಎಷ್ಟು ಖರ್ಚಾಯಿತು? ಲೆಕ್ಕ ಬರೆಯಿರಿ.